ಅಪ್ಪ ಸುತ್ತಾಡಿಸಿದ ಜಾಗಗಳಿಗೆ ಈಗ ಮಕ್ಕಳನ್ನು ಕರ್ಕೊಂಡು ಹೋಗಬೇಕು: ಗದಗ, ಹುಬ್ಬಳ್ಳಿ ಕಡೆಯವರು ಸ್ವಲ್ಪ ಹೇಳಿ

ನವನಗರದಾಕಿ

ಎಲ್ಲರಿಗೂ ನಮಸ್ಕಾರ. ಇರೋದು ಹುಬ್ಬಳ್ಳಿ ನವನಗರ, ತವರು ಗದಗ. ಅಪ್ಪ ತೀರಿಕೊಂಡು ಬರುವ ತಿಂಗಳಿಗೆ ವರ್ಷ ಆಗುತ್ತದೆ. ಮಗಳಿಗೆ ಎಂಟು ವರ್ಷ, ಮಗನಿಗೆ ನಾಲ್ಕು.

ಅಪ್ಪ ಗದಗದಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಬರೆಯುತ್ತಿದ್ದರು. ವಾರಕ್ಕೆ ಒಂದೇ ರಜೆ. ಆ ಒಂದು ದಿನವೂ ಮನೆಯಲ್ಲಿ ಕಾಲು ಚಾಚಿ ಕೂತವರಲ್ಲ. ನಮ್ಮನ್ನೂ ಓಣಿಯ ಇನ್ನೆರಡು ಹುಡುಗರನ್ನೂ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಲಕ್ಕುಂಡಿ, ಬಿಂಕದಕಟ್ಟಿ, ಮಾಗಡಿ ಕೆರೆ. ಏನೂ ಇಲ್ಲಾಂದ್ರೆ ಪ್ಯಾಸೆಂಜರ್ ರೈಲಿನಲ್ಲಿ ಹುಬ್ಬಳ್ಳಿಗೆ ಹೋಗಿ, ಪ್ಲಾಟ್‌ಫಾರ್ಮ್ ಮೇಲೆ ಚಹಾ ಕುಡಿದು, ಮುಂದಿನ ರೈಲಿಗೆ ವಾಪಸ್.

ಕೈಯಲ್ಲಿ ದುಡ್ಡು ಇರುತ್ತಿರಲಿಲ್ಲ. ಖರ್ಚು ಅಂದರೆ ಟಿಕೆಟ್ ಮತ್ತು ಸೌತೆಕಾಯಿ. ಬಸ್ ಸ್ಟ್ಯಾಂಡ್ ಹೊರಗೆ ಬುಟ್ಟಿ ಇಟ್ಟುಕೊಂಡು ಕೂತ ಅಜ್ಜಿಯ ಹತ್ತಿರ ಎಳೆಯದನ್ನು ಆರಿಸಿ, ಪೆನ್ನಿನ ಜೇಬಿನಿಂದ ಸಣ್ಣ ಚಾಕು ತೆಗೆದು, ಉದ್ದಕ್ಕೆ ಸೀಳುತ್ತಿದ್ದರು. ಬುಡ ಮಾತ್ರ ಕೂಡಿಕೊಂಡೇ ಇರಬೇಕು. ಕ್ಯಾಲೆಂಡರ್ ಹಾಳೆಯ ಪೊಟ್ಟಣದಲ್ಲಿ ಮನೆಯಿಂದಲೇ ತಂದ ಖಾರ-ಉಪ್ಪನ್ನು ಆ ಸೀಳಿನೊಳಗೆ ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಅವತ್ತು ಯಾರು "ಕಾಲ್ ನೋವಾತು" ಅಂದಿಲ್ಲವೋ ಅವರಿಗೆ ಮೊದಲ ಸೌತೆಕಾಯಿ. ಅದಕ್ಕೋಸ್ಕರ ನಾವು ಕಾಲು ಮುರಿದರೂ ಬಾಯಿ ಬಿಡುತ್ತಿರಲಿಲ್ಲ.

ಈಗ ಅವರ ವರ್ಷದ ಹೊತ್ತಿಗೆ ಮಕ್ಕಳನ್ನು ಅದೇ ಜಾಗಗಳಿಗೆ ಕರ್ಕೊಂಡು ಹೋಗಿ, ಅಜ್ಜ ಹೀಗಿದ್ದರು ಅಂತ ತೋರಿಸಬೇಕು ಅನ್ನೋ ಆಸೆ. ಅತ್ತೆಯವರು ವರ್ಷ ತುಂಬುವವರೆಗೂ ತಿರುಗಾಟ ಬೇಡ ಅಂತಾರೆ. ಮಗ ಈಗಲೂ "ಅಜ್ಜ ಎಂದ ಬರ್ತಾನ?" ಅಂತ ಕೇಳುತ್ತಾನೆ. ಏನು ಹೇಳಬೇಕು ತಿಳಿಯದೆ ಮಾತು ಮರೆಸುತ್ತೇನೆ. ಹೀಗೆ ಯಾರಾದರೂ ಮಾಡಿದ್ದೀರಾ? ಯಾವ ಜಾಗ ಸಣ್ಣ ಮಕ್ಕಳಿಗೆ ಆಗುತ್ತದೆ?

ಮುಳಗುಂದ ನಾಕಾ

ಅಕ್ಕಾರ, ಲಕ್ಕುಂಡಿಯಿಂದಲೇ ಶುರು ಮಾಡಿ. ಗದಗದಿಂದ 12 ಕಿಲೋಮೀಟರ್, ಬಸ್ಸಿಗೆ ಬರ ಇಲ್ಲ. ಬೆಳಿಗ್ಗೆ ಹೋದರೆ ಮಧ್ಯಾಹ್ನ ಊಟಕ್ಕೆ ವಾಪಸ್.

ಎಲ್ಲ ಗುಡಿ ತೋರಿಸಲು ಹೋಗಬೇಡಿ. ನೂರೊಂದು ಗುಡಿ, ನೂರೊಂದು ಬಾವಿ ಅಂತಾರೆ, ಅಷ್ಟು ನೋಡಲು ದೊಡ್ಡವರಿಗೇ ಆಗಲ್ಲ. ಮಕ್ಕಳಿಗೆ ಎರಡು ಸಾಕು. ಮೊದಲು ಕಾಶಿ ವಿಶ್ವನಾಥ ಗುಡಿ. ಅಲ್ಲಿ ಶಿವನ ಗುಡಿಗೆ ಎದುರಾಗಿ ಸೂರ್ಯನ ಗುಡಿ ಇದೆ, ಅದನ್ನು ಮಕ್ಕಳೇ ಕಂಡುಹಿಡಿಯಲಿ. ಆಮೇಲೆ ಮುಸುಕಿನ ಬಾವಿ. ಅದು ಎಲ್ಲರಿಗೂ ಸೇರುತ್ತದೆ. ಮೆಟ್ಟಿಲು ಇಳಿಯುತ್ತ ಹೋದಂತೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ನಿಮ್ಮ ನಾಲ್ಕು ವರ್ಷದವನ ಕೈ ಮಾತ್ರ ಬಿಡಬೇಡಿ, ಮೆಟ್ಟಿಲು ಕಡಿದಾಗಿವೆ.

ನಮ್ಮಪ್ಪ ಕನ್ನಡ ಸಾಲಿ ಮಾಸ್ತರು. ಅವರ ಜೊತೆ ಹೋದರೆ ಪಿಕ್ನಿಕ್ ಅಲ್ಲ, ಪಾಠ. ಬ್ರಹ್ಮ ಜಿನಾಲಯದ ಮುಂದೆ ನಿಲ್ಲಿಸಿ, ಇದನ್ನು 1007ರಲ್ಲಿ ಕಟ್ಟಿಸಿದ್ದು ಅತ್ತಿಮಬ್ಬೆ, ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಾಕಿ ಅಂತ ಶುರು ಮಾಡುತ್ತಿದ್ದರು. ನಮಗೆ ಆಗ ಹೊಟ್ಟೆ ಹಸಿದಿರುತ್ತಿತ್ತು. ತಲೆಯಲ್ಲಿ ಉಳಿದದ್ದು ಒಂದೇ ಮಾತು. ಕಂಬ ಮುಟ್ಟಿಸಿ, "ನೀವು ಪಾಟಿ ಮ್ಯಾಲ ಬರಿಯೂ ಬಳಪದ ಜಾತಿ ಕಲ್ಲು ಇದು, ಅದಕ್ಕ ಇಷ್ಟು ಸಣ್ಣ ಕೆತ್ತನಿ ಹತ್ತೇತಿ" ಅಂದಿದ್ದರು. ಅದನ್ನು ನಾನು ನನ್ನ ಮಗಳಿಗೂ ಹೇಳಿದೆ. ಅವಳು ಕೇಳಿದ್ದು, "ಪಾಟಿ ಅಂದ್ರೇನು?"

ಅಮರಗೋಳದ ದೊಡ್ಡಮ್ಮ

ತಂಗೀ, ನನಗ ಹಿಂಗ ಮಾತಾಡಿದಂಗ ಬರಿಲಿಕ್ಕೆ ಬರತದ, ತಪ್ಪು ತಿಳಿಬ್ಯಾಡ.

ವರ್ಷದೊಳಗ ಹಬ್ಬ ಮಾಡೂದಿಲ್ಲ, ಹೊಸ ಅರಿವಿ ತರೂದಿಲ್ಲ, ಅದು ಖರೆ. ಒಂದೊಂದು ಮನ್ಯಾಗ ಒಂದೊಂದು ನೇಮ. ನೀ ಕೊಟ್ಟ ಹೆಣ್ಣುಮಗಳು, ತವರಿನ ನೇಮ ನಿನಗ ಹತ್ತತದೋ ಇಲ್ಲೋ ಅನ್ನೂದೂ ಮನಿಗೊಂದು ತರಾ. ಆದ್ರ ಮಕ್ಕಳಿಗೆ ಕೆರಿ ತೋರಿಸಬಾರದು ಅಂತ ಎಲ್ಲೂ ಇಲ್ಲ. ನಿಮ್ಮತ್ತಿ ಕೂಡ ವಾದ ಹಾಕಬ್ಯಾಡ. ವರ್ಷದ ಎಡಿ ಮುಗಿಸು, ಮುಂದಿನ ಐತವಾರ ಹೋಗು. ಹೋಗೂ ಮುಂದ ಆಕಿನ್ನೂ ಕರಿ. ಕರದ್ರ ಬರೂದಿಲ್ಲ, ಕರೀದಿದ್ರ ಸಿಟ್ಟಾಗತಾಳ. ನಾನೂ ಅತ್ತಿ ಆಗೇನಿ, ನನಗ ಗೊತ್ತದ.

ರೇಲ್ವೆ ಕ್ವಾರ್ಟರ್ಸ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರಾಗಬೇಡಿ.

ನಮ್ಮ ತಂದೆ ಹುಬ್ಬಳ್ಳಿ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ಮೀಟರ್ ಗೇಜ್ ಕಾಲದಿಂದ ಬ್ರಾಡ್ ಗೇಜ್ ಕಾಲದವರೆಗೆ. ನಮಗೆ ಭಾನುವಾರ ಅಂದರೆ ಸ್ಟೇಷನ್ನು. ಅವರು ಹೋದ ಮೇಲೆ ನನ್ನ ತಮ್ಮ ನಿಮ್ಮ ಹಾಗೇ ಯೋಚನೆ ಮಾಡಿದ. ಅವರ ಪುಣ್ಯತಿಥಿ ದಿನ ತನ್ನ ಇಬ್ಬರು ಮಕ್ಕಳನ್ನು ಸಿದ್ಧಾರೂಢ ಸ್ವಾಮೀಜಿ ಸ್ಟೇಷನ್ನಿನ ಆ ಉದ್ದನೆ ಪ್ಲಾಟ್‌ಫಾರ್ಮ್ ತೋರಿಸಲು ಕರ್ಕೊಂಡು ಬಂದ. 2023ರಲ್ಲಿ ಉದ್ಘಾಟನೆ ಆದದ್ದು, 1507 ಮೀಟರ್, ಜಗತ್ತಿನಲ್ಲೇ ಉದ್ದ. ಅದಕ್ಕೂ ಮೊದಲು ಗೋರಖ್‌ಪುರದ್ದು ಉದ್ದ ಇತ್ತು. ಅಜ್ಜ ಇದನ್ನ ನೋಡಿದ್ರೆ ಎಷ್ಟು ಖುಷಿ ಪಡ್ತಿದ್ರು ಅಂತ ತಮ್ಮ ಹೇಳುತ್ತ ನಡೆದ. ಹೇಳುತ್ತ ಕಣ್ಣಲ್ಲಿ ನೀರು. ಅರ್ಧ ದಾರಿಗೆ ಸಣ್ಣವನು ಕೂತುಬಿಟ್ಟ, ಚಿಪ್ಸ್ ಬೇಕು ಅಂದ. ದೊಡ್ಡವಳು ಅಪ್ಪನ ಮುಖ ನೋಡಿ ಅಳಲು ಶುರು ಮಾಡಿದಳು. ಚಹಾದವನು ಬಂದು ಏನಾಯ್ತು ಸರ್ ಅಂತ ಕೇಳುವ ಹಾಗಾಯಿತು.

ಮಕ್ಕಳಿಗೆ ಬೇಕಾದದ್ದು ಪಿಕ್ನಿಕ್, ನಮಗೆ ಬೇಕಾದದ್ದು ತಿಥಿ. ಎರಡನ್ನೂ ಒಂದೇ ದಿನಕ್ಕೆ ಕಟ್ಟಬೇಡಿ. ಹೋಗುವಾಗಲೇ "ಇವತ್ತು ಅಜ್ಜನ ನೆನಪಿಗೆ" ಅಂತ ಹೇಳಿ ಹೊರಟರೆ ಪಾಪ ಅವು ನಗಬೇಕೋ ಸುಮ್ಮನಿರಬೇಕೋ ಗೊತ್ತಾಗದೆ ಒದ್ದಾಡುತ್ತವೆ.

ಸಣ್ಣ ಮಕ್ಕಳಿಗೆ ಪ್ಲಾಟ್‌ಫಾರ್ಮಿಗಿಂತ ಗದಗ ರೋಡ್ ಕಡೆಯ ರೈಲ್ವೆ ಮ್ಯೂಸಿಯಂ ಚೆನ್ನ. ಹಳೇ ಸಿಗ್ನಲ್ಲು, ಲ್ಯಾಂಪು ಎಲ್ಲ ಇಟ್ಟಿದ್ದಾರೆ, ಮಕ್ಕಳ ರೈಲೂ ಇದೆ.

ನವನಗರದಾಕಿ

ಬೇಜಾರಿಲ್ಲ ಅಣ್ಣಾರ, ಆದರೆ ಪೂರ್ತಿ ಒಪ್ಪಲೂ ಆಗ್ತಿಲ್ಲ. ನಾನು ಹೇಳದೇ ಇದ್ದರೆ ಅವಕ್ಕೆ ಅಜ್ಜ ಹೇಗೆ ಗೊತ್ತಾಗಬೇಕು? ಮಗನಿಗಂತೂ ಇನ್ನೆರಡು ವರ್ಷಕ್ಕೆ ಮುಖವೇ ಮರೆತುಹೋಗುತ್ತದೆ. ಗೋಡೆಯ ಫೋಟೋ ಒಂದೇ ಅಜ್ಜ ಆಗಬಾರದು ಅಂತ ನನ್ನ ಹಟ.

ರೇಲ್ವೆ ಕ್ವಾರ್ಟರ್ಸ್

ಹೇಳಬೇಡಿ ಅಂದಿಲ್ಲ. ಕೇಳಿದಾಗ ಹೇಳಿ ಅಂದೆ. ನೀವು ಸೌತೆಕಾಯಿ ಸೀಳಿ ಖಾರ ಒತ್ತಿ ಕೊಡಿ ಸಾಕು. "ಇದನ್ಯಾಕ ಹಿಂಗ ಕೊಯ್ತಿ?" ಅಂತ ಮಗಳು ಕೇಳೇ ಕೇಳುತ್ತಾಳೆ. ಅಲ್ಲಿಗೆ ಅಜ್ಜ ಬಂದರಲ್ಲ. ಭಾಷಣ ಮಾಡಿ ಕರೆಸಬೇಕಾಗಿಲ್ಲ.

ಅಂಗನವಾಡಿ ಟೀಚರ್, ಕುಂದಗೋಳ

ನಿಮ್ಮ ಮಗನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ, ಅದಕ್ಕೆ ನಾನು ಬರೆಯುತ್ತಿದ್ದೇನೆ. ಈ ವಯಸ್ಸಿನ ಮಕ್ಕಳು ದಿನಾ ನನ್ನ ಮುಂದೆ ಕೂತಿರುತ್ತವೆ.

ನಾಲ್ಕೈದು ವರ್ಷದ ಮಕ್ಕಳಿಗೆ ಸತ್ತವರು ವಾಪಸ್ ಬರಲ್ಲ ಅನ್ನೋದು ಇನ್ನೂ ತಿಳಿದಿರುವುದಿಲ್ಲ. ಅವಕ್ಕೆ ಹೋಗೋದು ಅಂದರೆ ಸಂತೆಗೆ ಹೋಗಿ ಬಂದ ಹಾಗೆ. ನಾವು ದೊಡ್ಡವರು ಮಾತನ್ನು ಸುತ್ತಿ ಸುತ್ತಿ ಹೇಳಿ ಇನ್ನೂ ಗೊಂದಲ ಮಾಡುತ್ತೇವೆ. "ಊರಿಗೆ ಹೋಗ್ಯಾರ" ಅಂದರೆ ಮಗು ಕಾಯುತ್ತದೆ. "ಮಲಗ್ಯಾರ" ಅಂದರೆ ರಾತ್ರಿ ತಾನು ಮಲಗಲು ಹೆದರುತ್ತದೆ. "ದೇವರು ಕರಕೊಂಡ" ಅಂದರೆ ಅವ್ವನನ್ನೂ ಕರಕೊಳ್ಳುತ್ತಾನಾ ಅಂತ ಹಿಂದೆ ಹಿಂದೆ ತಿರುಗುತ್ತದೆ.

ಸೀದಾ ಹೇಳಿ. "ಅಜ್ಜ ಸತ್ತುಹೋಗ್ಯಾರ. ಅವರ ಮೈ ಕೆಲಸ ಮಾಡೂದು ನಿಂತದ. ಈಗ ಅವರಿಗೆ ಹಸಿವಿಲ್ಲ, ನೋವಿಲ್ಲ. ಅವರು ವಾಪಸ್ ಬರೂದಿಲ್ಲ." ಹೇಳುವಾಗ ನಿಮಗೆ ಅಳು ಬಂದರೆ ಬರಲಿ, ನನಗೂ ಅಜ್ಜ ನೆನಪಾದ್ರು ಅನ್ನಿ. ಅವನು ಹೂಂ ಅಂದು ಆಡಲು ಹೋಗಬಹುದು. ಕಲ್ಲು ಮನಸ್ಸು ಅಂದುಕೊಳ್ಳಬೇಡಿ. ಸಣ್ಣವು ದುಃಖವನ್ನು ಒಂದೇ ಸಲ ಹೊರುವುದಿಲ್ಲ, ಸ್ವಲ್ಪ ಸ್ವಲ್ಪ ಹೊರುತ್ತವೆ. ನಾಳೆ ಮತ್ತೆ ಅದೇ ಪ್ರಶ್ನೆ ಕೇಳುತ್ತಾನೆ. ಮತ್ತೆ ಅದೇ ಉತ್ತರ ಕೊಡಿ, ಮಾತು ಬದಲಿಸಬೇಡಿ.

ಪ್ರವಾಸಕ್ಕೆ ಮೊದಲೇ ಇದನ್ನು ಹೇಳಿಬಿಡಿ. ಇಲ್ಲಾಂದ್ರೆ "ಅಜ್ಜನ ಜಾಗಕ್ಕೆ ಹೋಗ್ತೀವಿ" ಅಂದ ಕೂಡಲೇ ಅಲ್ಲಿ ಅಜ್ಜ ಸಿಗುತ್ತಾರೆ ಅಂತ ಅವನು ಖುಷಿಯಿಂದ ಚಪ್ಪಲಿ ಹಾಕಿಕೊಳ್ಳುತ್ತಾನೆ.

ನವನಗರದಾಕಿ

ಟೀಚರ್, ಕೊನೆ ಸಾಲು ಓದಿ ಎದೆ ಝಲ್ ಅಂತು. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಇವತ್ತೇ ಮಾತಾಡುತ್ತೇನೆ.

ಬಂಕಾಪುರ ಕೋಟೆ

ಹಾವೇರಿ ಜಿಲ್ಲೆಯವರು ಯಾರೂ ಬಾಯಿ ಬಿಡ್ತಿಲ್ಲವಲ್ಲ! ಹುಬ್ಬಳ್ಳಿಯಿಂದ ಹೈವೇ ಹಿಡಿದರೆ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್, ಅಲ್ಲಿಂದ ಮುಂದೆ ಬಂಕಾಪುರ. ಎರಡೂ ಒಂದೇ ದಿನಕ್ಕೆ ಆಗುತ್ತದೆ. ಗೊಟಗೋಡಿಯಲ್ಲಿ ಹಳ್ಳಿ ಬದುಕಿನ ಗೊಂಬೆಗಳು, ಮನುಷ್ಯನಷ್ಟೇ ದೊಡ್ಡವು. ರೊಟ್ಟಿ ಬಡಿಯುವವಳು, ಎತ್ತು, ಸಂತೆ. ನಮ್ಮವ್ವ ಇದ್ದಾಗ ಒಮ್ಮೆ ಕರ್ಕೊಂಡು ಹೋಗಿದ್ದೆ. ಅವಳು ಗೊಂಬೆಗೇ ತಪ್ಪು ಹುಡುಕಿದಳು, "ಒಲಿ ಮುಂದ ಹಿಂಗ ಕುಂತ್ರ ಸೊಂಟ ಹಿಡೀತದ" ಅಂತ.

ಬಂಕಾಪುರ ಕೋಟೆಯೊಳಗೆ ನವಿಲುಧಾಮ. ಬೆಳಿಗ್ಗೆ ಅಥವಾ ಸಂಜೆ ಹೋದರೆ ಮಾತ್ರ ನವಿಲು ಕಾಣುತ್ತವೆ, ಮಧ್ಯಾಹ್ನ ಬರೀ ಕೂಗು. ಅಲ್ಲೇ ನಗರೇಶ್ವರ ಗುಡಿ, ನಾವು ಅರವತ್ತು ಕಂಬದ ಗುಡಿ ಅನ್ನುತ್ತೇವೆ. ಮಕ್ಕಳಿಗೆ ಕಂಬ ಎಣಿಸಲು ಹೇಳಿ, ನೀವು ನೆರಳಿಗೆ ಕೂತು ಬುತ್ತಿ ಬಿಚ್ಚಿ. ಪ್ರತಿ ಸಲ ಲೆಕ್ಕ ಬೇರೆ ಬರುತ್ತದೆ, ಜಗಳ ಆಡುತ್ತ ಮತ್ತೆ ಎಣಿಸುತ್ತವೆ. ಒಂದು ತಾಸು ನೀವು ಆರಾಮ.

ಸವಣೂರು ಖಾರ

ಬಂಕಾಪುರದವರೇ, ಸವಣೂರು ಬಿಟ್ಟುಬಿಟ್ಟಿರಿ. ನಿಮ್ಮಲ್ಲಿಂದ ಎಷ್ಟು ದೂರ ಆಗತ್ತೆ?

ನಮ್ಮ ಅಬ್ಬಾ ನಮ್ಮನ್ನು ಕರ್ಕೊಂಡು ಹೋಗುತ್ತಿದ್ದದ್ದು ದೊಡ್ಡಹುಣಸೆ ಮಠದ ಮರಗಳ ಹತ್ತಿರ. ಹುಣಸೆ ಅಂತ ಹೆಸರು, ನಿಜಕ್ಕೂ ಅವು ಆಫ್ರಿಕಾ ಕಡೆಯ ಬಾವೊಬಾಬ್ ಮರಗಳು. ಮೂರು ಇವೆ. ನಾವು ಅಣ್ಣತಮ್ಮಂದಿರೆಲ್ಲ ಕೈ ಕೈ ಹಿಡಿದು ಬುಡ ಸುತ್ತಿದರೂ ಮುಟ್ಟುತ್ತಿರಲಿಲ್ಲ. ದಾರಿಯಲ್ಲಿ ಹೋಗುವವರನ್ನು ಅಬ್ಬಾ ಕರೆದು ಸಾಲಿಗೆ ನಿಲ್ಲಿಸುತ್ತಿದ್ದರು. ಯಾರು ಯಾರ ಕೈಯನ್ನೋ ಹಿಡಿದಿದ್ದೇವೆ!

2023ರ ಮಳೆಗಾಲದಲ್ಲಿ ಅದರಲ್ಲಿ ಒಂದು ಬುಡಸಮೇತ ಬಿತ್ತು. ಅಬ್ಬಾ ಹೋಗಿ ಆಗ ಜಾಸ್ತಿ ದಿನ ಆಗಿರಲಿಲ್ಲ. ಮರ ಬಿದ್ದ ಸುದ್ದಿಗೆ ನಾನು ಅತ್ತಷ್ಟು ಅವರು ಹೋದಾಗಲೂ ಅತ್ತಿರಲಿಲ್ಲ ಅಂತ ನಮ್ಮನೆಯವಳು ಇವತ್ತಿಗೂ ಹೇಳುತ್ತಾಳೆ. ಆಮೇಲೆ ಆ ಮರವನ್ನು ಎತ್ತಿ ಮತ್ತೆ ನೆಟ್ಟರು. ಮಗನಿಗೆ ಈಗ ಅಜ್ಜನಿಗಿಂತ ಆ ಕ್ರೇನ್ ಕಥೆ ಮೇಲೆ ಜಾಸ್ತಿ ಪ್ರೀತಿ. ಇರಲಿ ಬಿಡಿ.

ಸಮಯ ಇದ್ದರೆ ಶಿಶುನಾಳಕ್ಕೂ ಹೋಗಿ. ಶರೀಫಜ್ಜನ ಗದ್ದುಗೆ ಇದೆ. ಅಬ್ಬಾ ಅಲ್ಲಿ ಕೂತರೆ ಏಳುತ್ತಿರಲಿಲ್ಲ, ಯಾರಾದರೂ ಏಕತಾರಿ ಹಿಡಿದರೆ ಸಾಕು ದನಿಗೂಡಿಸುತ್ತಿದ್ದರು. ನಮಗೆ ಹೊರಗೆ ಚುರುಮುರಿ ಕೊಡಿಸಿ ಕೂರಿಸುತ್ತಿದ್ದರು. ಮಕ್ಕಳಿಗೆ ಅಂಥ ಸಡಿಲ ಇದ್ದರೇ ಚೆಂದ. ದೊಡ್ಡವರು ತಮ್ಮ ಪಾಡಿಗೆ ತಾವು, ಮಕ್ಕಳು ತಮ್ಮ ಪಾಡಿಗೆ ತಾವು.

ಕೆಲಗೇರಿ ವಾಕಿಂಗ್

ಧಾರವಾಡದ ಕಡೆಯಿಂದ ಎರಡೇ ಮಾತು. ಸಾಧನಕೇರಿ, ಆಮೇಲೆ ಯೂನಿವರ್ಸಿಟಿಯ ಸೈನ್ಸ್ ಸೆಂಟರ್, ವಾಪಸ್ ಬರುವಾಗ ಲೈನ್ ಬಜಾರದಲ್ಲಿ ಫೇಡೆ. ನವನಗರದಿಂದ ಚಿಗರಿ ಬಸ್ ಹತ್ತಿದರೆ ಆಯ್ತು, ಕಾರಿನ ಗೋಜೇ ಬೇಡ. ಮತ್ತೆ ಫೋನ್ ಬ್ಯಾಗಿನಲ್ಲಿರಲಿ. ಅಜ್ಜ ನಿಂತಿದ್ದ ಜಾಗದಲ್ಲೇ ನಿಲ್ಲು, ಹಿಂಗ ನೋಡು, ನಗು ಅಂತ ಫೋಟೋ ತೆಗೆಯೋದು ನೋಡಿ ನೋಡಿ ಸಾಕಾಗಿದೆ.

ಇನ್ನೊಂದು. ತಪ್ಪು ತಿಳಿಯಬೇಡಿ ಅಕ್ಕಾರ, ಇಷ್ಟುದ್ದ ಬರೆದಿದ್ದೀರಿ, ನಿಮ್ಮ ಅವ್ವನ ಬಗ್ಗೆ ಒಂದು ಮಾತಿಲ್ಲ. ಇದ್ದಾರಾ? ಆ ಭಾನುವಾರಗಳಲ್ಲಿ ಅವರು ಎಲ್ಲಿರುತ್ತಿದ್ದರು?

ನವನಗರದಾಕಿ

ಅವ್ವ ಇದ್ದಾರೆ, ಗದಗದಲ್ಲಿ ತಮ್ಮನ ಜೊತೆ. ಭಾನುವಾರ ಅವರು ನಮ್ಮ ಜೊತೆ ಬರುತ್ತಿರಲಿಲ್ಲ. ಬುತ್ತಿ ಕಟ್ಟಿ ಕಳಿಸುತ್ತಿದ್ದರು. ಖಾರ-ಉಪ್ಪಿನ ಪೊಟ್ಟಣ ಕಟ್ಟುತ್ತಿದ್ದದ್ದೂ ಅವರೇ ಇರಬೇಕು, ಈಗ ಯೋಚನೆ ಮಾಡಿದರೆ.

ಅಮರಗೋಳದ ದೊಡ್ಡಮ್ಮ

ಇರಬೇಕು ಏನ, ಆಕೀನ. ಗಂಡಸರಿಗೆ ಉಪ್ಪಿನ ಡಬ್ಬಿ ಎಲ್ಲೈತಿ ಅಂತರೆ ಗೊತ್ತಿರತಿತ್ತೇನು? ಅವ್ವನ್ನ ಕರಕೊಂಡು ಹೋಗು. ಒಬ್ಬಾಕಿನ ಮನ್ಯಾಗ ಬಿಟ್ಟು ಅಪ್ಪನ ನೆನಪು ಮಾಡಲಿಕ್ಕೆ ಹೊಂಟೀರೇನು?

ಮುಳಗುಂದ ನಾಕಾ

ದೊಡ್ಡಮ್ಮ ಹೇಳಿದ್ದು ಸರಿ. ಅವ್ವನ ಕಾಲು ನೋವು ಇದ್ದರೆ ಲಕ್ಕುಂಡಿ ಬಾವಿ ಬೇಡ, ಮಾಗಡಿ ಕೆರೆ ಆಗುತ್ತದೆ. ಗದಗದಿಂದ 26 ಕಿಲೋಮೀಟರ್, ಲಕ್ಷ್ಮೇಶ್ವರ ದಾರಿ. ಈಗ ಚಳಿ ಶುರುವಾಗಿದೆ, ಹಕ್ಕಿ ಬಂದಿರುತ್ತವೆ. ಪಟ್ಟೆತಲೆ ಹೆಬ್ಬಾತು. ತಲೆ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತವೆ, ಅದೇ ಗುರುತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಈ ಕೆರೆ ರಾಮ್ಸಾರ್ ಪಟ್ಟಿಗೂ, ಅಂದರೆ ಜಗತ್ತಿನ ಮುಖ್ಯ ಕೆರೆ-ಜೌಗುಗಳ ಪಟ್ಟಿಗೂ ಸೇರಿತು. ರಾತ್ರಿ ಸುತ್ತಲಿನ ಹೊಲಗಳಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ಬಂದು ಇಳಿಯುತ್ತವೆ. ಆ ಹೊತ್ತಿಗೆ ನೀವು ಅಲ್ಲಿರಬೇಕು. ಮಕ್ಕಳು ಚೀರಾಡಿದರೆ ಹಾರಿಹೋಗುತ್ತವೆ, ಅದೊಂದು ಹೇಳಿಟ್ಟಿರಿ. ಕೆಂಪು ಅಂಗಿ ಗಿಂಗಿ ಬೇಡ.

ನವನಗರದಾಕಿ

ಎಲ್ಲರಿಗೂ ಒಟ್ಟಿಗೆ ಉತ್ತರ ಕೊಡುತ್ತಿದ್ದೇನೆ, ಸ್ವಲ್ಪ ಉದ್ದ ಆಗಬಹುದು.

ಮಗನಿಗೆ ಹೇಳಿದೆ, ಟೀಚರ್ ಬರೆದ ಹಾಗೇ. "ಹಂಗಾರ ಅವರ ಚಾಳೀಸು ಯಾರಿಗೆ?" ಅಂತ ಕೇಳಿದ. ಕನ್ನಡಕ ಅಜ್ಜಿ ಹತ್ತಿರ ಇದೆ ಅಂದೆ. ಸರಿ ಅಂತ ಆಡಲು ಹೋದ. ಸಂಜೆ ಮತ್ತೆ ಬಂದು ಅಜ್ಜ ಎಂದ ಬರ್ತಾನ ಅಂದ. ಮತ್ತೆ ಹೇಳಿದೆ. ಕಷ್ಟ, ಆದರೆ ಮಾತು ಮರೆಸುವುದಕ್ಕಿಂತ ವಾಸಿ.

ಆಮೇಲೆ ಅವ್ವನಿಗೆ ಫೋನ್ ಮಾಡಿದೆ. ಅಷ್ಟು ವರ್ಷ ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೋಗುತ್ತಿದ್ದೆವಲ್ಲ, ಈ ಸಲ ನೀವೂ ಬನ್ನಿ ಅಂತ ಸ್ವಲ್ಪ ಗದ್ಗದ ಆಗಿಯೇ ಹೇಳಿದೆ. ಆ ಕಡೆಯಿಂದ ನಗು! "ಏ ಹುಚ್ಚಿ, ಅದ ಒಂದಿನ ನನಗ ಮನಿ ಖಾಲಿ ಸಿಗತಿತ್ತು. ನಿಮ್ಮಪ್ಪಗ ನಾನ ಹೇಳಿ ಕಳಸತಿದ್ದೆ, ಹುಡುಗೂರ್ನ ಕರಕೊಂಡು ಹೋಗ್ರಿ, ಸಂಜಿತನಕ ಬರಬ್ಯಾಡ್ರಿ ಅಂತ. ತಲಿ ಎರಕೊಂಡು, ರೇಡಿಯೋ ಹಚ್ಚಿ, ಒಂದು ನಿದ್ದಿ ತಗೀತಿದ್ದೆ." ಮಳೆ ಬಂದ ಭಾನುವಾರ ನಾವು ಮನೆಯಲ್ಲೇ ಇದ್ದರೆ ಆಕೆಗೆ ಆ ವಾರವೆಲ್ಲ ಸಿಡುಕು ಇರುತ್ತಿತ್ತಂತೆ.

ನಾನು ಇಷ್ಟು ದಿನ ಅಪ್ಪ ಎಷ್ಟು ದಣಿದಿದ್ದರೂ ನಮಗೋಸ್ಕರ ಹೊರಡುತ್ತಿದ್ದರು ಅಂದುಕೊಂಡಿದ್ದೆ. ಈಗ ನೋಡಿದರೆ ಇಬ್ಬರೂ ಸೇರಿ ಮಾಡಿಕೊಂಡ ಒಪ್ಪಂದ ಅದು. ಅಪ್ಪ ಈ ವಿಷಯ ಒಮ್ಮೆಯೂ ಬಾಯಿ ಬಿಟ್ಟಿರಲಿಲ್ಲ. ನನಗೆ ಯಾಕೋ ಅವರ ಮೇಲೆ ಇನ್ನೂ ಪ್ರೀತಿ ಬಂತು.

ಚಾಕುವಿನ ವಿಷಯವೂ ಕೇಳಿದೆ. ತಮ್ಮನ ಹತ್ತಿರ ಇದೆಯಂತೆ, ಮೊಂಡಾಗಿದೆಯಂತೆ. ಸಾಣೆ ಹಿಡಿಸಲು ಹೇಳಿದ್ದೇನೆ.

ವರ್ಷದ ಎಡೆ ಮುಗಿದ ಮುಂದಿನ ಭಾನುವಾರ ಮಾಗಡಿ. ಅತ್ತೆಯವರನ್ನೂ ಕರೆದೆ. "ಕಾಲ್ ನೋವು, ನೀವು ಹೋಗಿ ಬರ್ರಿ" ಅಂದರು. ದೊಡ್ಡಮ್ಮ ಹೇಳಿದ್ದೇ ಆಯಿತು. ಅವ್ವ ಬರುತ್ತಾಳೆ, ಆದರೆ ಒಂದು ಷರತ್ತು. ಬುತ್ತಿ ತಾನು ಕಟ್ಟುವುದಿಲ್ಲವಂತೆ.

ರೇಲ್ವೆ ಕ್ವಾರ್ಟರ್ಸ್

ಅವ್ವನವರಿಗೆ ನನ್ನ ನಮಸ್ಕಾರ ಹೇಳಿ. ಈಗಿನ ಕಾಲದಲ್ಲೂ ಇಂಥ ಒಪ್ಪಂದ ನಮ್ಮ ಮನೆಯಲ್ಲಿ ಆಗಬೇಕಿತ್ತು.

ಗದಗಕ್ಕೆ ರೈಲಿನಲ್ಲೇ ಹೋಗಿ. ಮಗ ಕಿಟಕಿ ಪಕ್ಕ ಕೂರಲಿ. ಅಣ್ಣಿಗೇರಿ ಬಂದಾಗ ಪಂಪನ ಊರು ಅಂತ ಮಗಳಿಗೆ ಬೋರ್ಡ್ ಓದಿಸಿ. ಹಿಂದಿನ ದಿನ ಸಂಜೆಯೇ ತವರಿಗೆ ಹೋಗಿ ಮಲಗಿ, ಇಲ್ಲಾಂದ್ರೆ ಬೆಳಿಗ್ಗೆ ಹಕ್ಕಿ ಹೊತ್ತಿಗೆ ಮುಟ್ಟುವುದಿಲ್ಲ.

ಸವಣೂರು ಖಾರ

ಬುತ್ತಿ ಜೊತೆ ಒಂದು ಪಾಕೀಟು ಸವಣೂರು ಖಾರ ಇರಲಿ, ನಮ್ಮೂರ ಕುರುಕಲು ತಿಂಡಿ. ಮಕ್ಕಳಿಗೆ ಖಾರ ಜಾಸ್ತಿ ಅನ್ನಿಸಿದರೆ ಅವ್ವನೇ ಮುಗಿಸುತ್ತಾರೆ.

ಮುಳಗುಂದ ನಾಕಾ

ಬುತ್ತಿಗೆ ಯಾಕೆ ತಲೆ ಕೆಡಿಸಿಕೊಳ್ತೀರಿ? ಹಿಂದಿನ ರಾತ್ರಿ ಗದಗದಲ್ಲೇ ಯಾವುದಾದರೂ ಖಾನಾವಳಿಗೆ ಹೇಳಿಟ್ಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ ಕಟ್ಟಿಸಿಕೊಳ್ಳಿ. ಮೊಸರು ಮಾತ್ರ ಮನೆಯದು ಒಯ್ಯಿರಿ. ನನ್ನ ಹತ್ತಿರ ಒಂದು ಬೈನಾಕ್ಯುಲರ್ ಇದೆ, ಬೇಕಾದರೆ ಶನಿವಾರ ಸಂಜೆ ಸ್ಟೇಷನ್ ಹತ್ತಿರ ತಂದು ಕೊಡುತ್ತೇನೆ. ಎಡಗಣ್ಣಿನದು ಸ್ವಲ್ಪ ಮಬ್ಬು, ಬಲಗಣ್ಣಿನದು ಚಲೋ ಐತಿ.